ಎರಡನೇ ಲೋಟ

ಡಾಕ್ಟರ ಬಾಗಿಲ ಮುಂದಿನ ಬೆಂಚಿನಲ್ಲಿ ಕತ್ತುನೋವಿನ ಟೀಚರಮ್ಮ ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದ ದರ್ಜಿ, ಜೊತೆಗೆ ಅವನ ಅಕ್ಕ. ದರ್ಜಿಯ ಎದೆಯುರಿಗೆ ಕಾರಣ ಹುಡುಕಲು, ವಾರವಿಡೀ ತಿಂದದ್ದು ಕುಡಿದದ್ದೆಲ್ಲ ಬರೆದು ತರಲು ಡಾಕ್ಟರು ಹೇಳಿದ್ದರಂತೆ. ಅಕ್ಕ ಆ ಚೀಟಿ ಓದತೊಡಗಿದಳು. ಬೇಡವೆಂದರೂ ಟೀಚರಮ್ಮನ ಕಿವಿ ಅತ್ತಲೇ ಹೋಯಿತು.

“ಖಾರ ಬಿಟ್ಟಿದ್ದೀಯ, ಕರಿದದ್ದು ಬಿಟ್ಟಿದ್ದೀಯ. ಇದೇನೋ, ದಿನಕ್ಕೆ ಎಂಟು ಲೋಟ ಟೀ?”

“ನಾಲ್ಕು ನನ್ನದು.”

“ಇನ್ನು ನಾಲ್ಕು ನಿನ್ನ ಮೆಷಿನ್ನಿನದಾ?”

“ಪಕ್ಕದ ಮೆಷಿನ್ನಲ್ಲಿ ಹೊಲೀತಿದ್ನಲ್ಲ, ಅವನದು.”

“ಅವನು ತೀರಿಕೊಂಡು ಮೂರು ತಿಂಗಳಾಯ್ತಲ್ಲೋ!”

“ಟೀ ಅಂಗಡಿಯವಳಿಗೆ ಗೊತ್ತಿಲ್ಲ. ಇಪ್ಪತ್ತು ವರ್ಷದ ರೂಢಿ, ಕಿಟಕಿಯಲ್ಲಿ ಎರಡು ಲೋಟ ಇಟ್ಟು ಹೋಗ್ತಾಳೆ.”

“ಒಂದು ಸಾಕು ಅನ್ನೋಕೆ ಬಾಯಿಗೇನಾಗಿದೆ?”

“ಯಾಕೆ ಅಂತ ಕೇಳ್ತಾಳಲ್ಲಕ್ಕಾ.”

“ಹೋಗ್ಲಿ, ಚೆಲ್ಲಿಬಿಡು.”

“ಅವನ ಟೀನ ಹ್ಯಾಗೆ ಚೆಲ್ಲೋದು?”

ಅಕ್ಕ ಚೀಟಿ ಮಡಿಸಿದಳು, ಮತ್ತೆ ಬಿಡಿಸಿದಳು.

“ನಾನು ಬಂದು ಕುಡೀಲಾ?”

“ನಿನಗೆ ಶುಗರ್ರು. ಆಮೇಲೆ ಇಬ್ಬರೂ ಇದೇ ಬೆಂಚು ಕಾಯಬೇಕು.”

ಅಷ್ಟರಲ್ಲಿ ನರ್ಸು ದರ್ಜಿಯನ್ನು ಕರೆದಳು. ಅವನು ಚೀಟಿ ಕಿತ್ತುಕೊಂಡು, ಜೇಬಿನ ಪೆನ್ಸಿಲ್ ತೆಗೆದು ಎಂಟನ್ನು ನಾಲ್ಕು ಮಾಡಲು ಹೊರಟ. ಅಕ್ಕ ಅವನ ಕೈ ಹಿಡಿದುಕೊಂಡಳು.

“ತಿದ್ದಬೇಡ. ಸುಳ್ಳು ಬರೆದ್ರೆ ಮಾತ್ರೆ ಜಾಸ್ತಿಯಾಗುತ್ತೆ, ಉರಿ ಹೋಗಲ್ಲ.”

“ಹಾಗಾದ್ರೆ ನೀನೇ ಹೇಳು.”

“ಡಾಕ್ಟರಿಗಾ?”

“ಡಾಕ್ಟರಿಗೆ ನಾನು ಹೇಳ್ತೀನಿ. ಟೀ ಅಂಗಡಿಯವಳಿಗೆ.”

“ಆಯ್ತು, ಹೋಗ್ತಾ ಹೇಳ್ತೀನಿ.”

ಇಬ್ಬರೂ ಎದ್ದರು. ಬಾಗಿಲು ದಾಟುವಾಗ ದರ್ಜಿಯ ದನಿ ಟೀಚರಮ್ಮನಿಗೆ ಇನ್ನೊಮ್ಮೆ ಕೇಳಿಸಿತು.

“ಇವತ್ತೇ ಬೇಡಕ್ಕಾ. ಸೋಮವಾರ ಹೇಳು.”