ಅರ್ಧ ತಮ್ಮ

ಮಾನ್ಯ ಅಧ್ಯಕ್ಷರಾದ ಸಮೀವುಲ್ಲಾ ಸರ್ ಅವರೇ, ಈಗಷ್ಟೇ ನನ್ನ ಪುಸ್ತಕವನ್ನು ಬಿಡುಗಡೆ ಮಾಡಿದ ನೂರೀನ ಮೇಡಂ ಅವರೇ, ಫ್ಯಾನು ನಿಂತರೂ ಎದ್ದು ಹೋಗದ ಲಕ್ಷ್ಮೇಶ್ವರದ ಸಭಿಕರೇ,

ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಇತಿಹಾಸ ಕಲಿಸಿದವರಿಗೆ ಹತ್ತು ನಿಮಿಷದಲ್ಲಿ ಮುನ್ನುಡಿಯೂ ಮುಗಿಯುವುದಿಲ್ಲ. ಆದರೂ ಪ್ರಯತ್ನಿಸುತ್ತೇನೆ. ಮನೆಯ ವಿಷಯ ಎತ್ತುವುದಿಲ್ಲ ಎಂದೂ ಮಾತು ಕೊಡುತ್ತೇನೆ.

ನನ್ನ ಪುಸ್ತಕ ಇಂಗ್ಲೆಂಡಿನ ನೆವಿಲ್ ಮನೆತನದ್ದು. ಆರುನೂರು ವರ್ಷಗಳ ಹಿಂದೆ ಆ ದೇಶದ ಉತ್ತರ ಭಾಗದಲ್ಲಿ ಅವರ ಮಾತೇ ಮಾತು. ಮನೆಯ ಯಜಮಾನ ರಾಲ್ಫ್ ನೆವಿಲ್‌ಗೆ ಇಬ್ಬರು ಹೆಂಡಿರು, ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳು. ಊಟಕ್ಕೆ ಕೂರಿಸುವ ಮೊದಲು ಹಾಜರಿ ಕೂಗಬೇಕಿತ್ತೋ ಏನೋ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಬಂದವಳು ಜೋನ್. ಆಸ್ತಿಯ ಹೆಚ್ಚಿನ ಪಾಲು ಅವಳ ಮಕ್ಕಳಿಗೇ ಸೇರಿತು. ರಾಲ್ಫ್ ಕಣ್ಣು ಮುಚ್ಚಿದ್ದೇ ತಡ, ಹಿರಿಯವಳ ಕಡೆಯವರೂ ಕಿರಿಯವಳ ಕಡೆಯವರೂ ಜನ ಕಟ್ಟಿಕೊಂಡು ಎದುರುಬದುರು ನಿಂತರು. ವರ್ಷಗಟ್ಟಲೆ ನಿಂತರು. ಒಂದೇ ಮನೆತನದವರು.

ಇದನ್ನು ಕನ್ನಡದಲ್ಲಿ ಬರೆಯುವಾಗ ಒಂದು ಪದ ನನ್ನನ್ನು ಬಹಳ ಸತಾಯಿಸಿತು. ಹಾಫ್ ಬ್ರದರ್. ನಿಘಂಟು ಮಲಸಹೋದರ ಎನ್ನುತ್ತದೆ. ಪುಸ್ತಕದಲ್ಲಿ ನಾನು ಎಲ್ಲಿಯೂ ಆ ಪದ ಬಳಸಿಲ್ಲ. ಅಣ್ಣ, ತಮ್ಮ ಎಂದಷ್ಟೇ ಬರೆದಿದ್ದೇನೆ. ಯಾರು ಯಾವ ತಾಯಿಯ ಮಗ ಎಂದು ಓದುಗರಿಗೆ ಗೊಂದಲವಾಗುತ್ತದೆ ಎಂದು ಪ್ರಕಾಶಕರು ತಕರಾರು ತೆಗೆದರು. ಆಗಲಿ ಬಿಡಿ ಎಂದೆ. ಯಾಕೆ ಹಾಗೆಂದೆ?

ಕೊಟ್ಟ ಮಾತು ಮುರಿಯುತ್ತೇನೆ, ಕ್ಷಮಿಸಿ. ಅಡರಕಟ್ಟಿಯ ನಮ್ಮ ಮನೆಗೂ ಇಬ್ಬರು ತಾಯಂದಿರು ಬಂದರು. ನನ್ನನ್ನು ಹೆತ್ತವಳ ಮುಖ ನನಗೆ ನೆನಪಿಲ್ಲ. ಆಮೇಲೆ ಬಂದವಳು ಚಿಗವ್ವ, ಬಸವಣ್ಣೆವ್ವ; ಅವಳ ಮಗ ನಂದೀಶ. ನಾನು ಗದಗಿನ ಕಾಲೇಜಿಗೆ ಹೋಗುತ್ತಿದ್ದಾಗ, ಹೊಸ ಇಂಗ್ಲಿಷಿನ ಜಂಬದಲ್ಲಿ, ಮನೆಗೆ ಬಂದ ಗೆಳತಿಗೆ ಇವನು ನನ್ನ ಹಾಫ್ ಬ್ರದರ್, ಅಂದರೆ ಅರ್ಧ ತಮ್ಮ ಎಂದು ಪರಿಚಯ ಮಾಡಿಸಿದೆ. ಆರು ವರ್ಷದ ನಂದೀಶ ತನ್ನ ಮೈಯೆಲ್ಲ ಮುಟ್ಟಿ ನೋಡಿಕೊಂಡು ಕೇಳಿದ:

“ಅಕ್ಕಾ, ಉಳದರ್ಧ ಎಲ್ಲೈತಿ?”

ನಾವು ನಕ್ಕೆವು, ಅವನು ಅತ್ತ. ಒಲೆಯ ಮುಂದಿದ್ದ ಚಿಗವ್ವ ನನ್ನನ್ನು ಬೈಯಲಿಲ್ಲ. ಬಿಸಿ ರೊಟ್ಟಿಯೊಂದನ್ನು ಮುರಿದು ಇಬ್ಬರ ಕೈಗೂ ಕೊಟ್ಟಳು.

“ಅರ್ಧ ಮಾಡೂದು ರೊಟ್ಟೀನವ್ವಾ, ತಮ್ಮನ್ನಲ್ಲ.”

ಮುಂದೆ ನಮ್ಮ ಅಪ್ಪ ನಿಜಲಿಂಗಪ್ಪ ಹೊಲವನ್ನೆಲ್ಲ ಮಗನ ಹೆಸರಿಗೇ ಮಾಡುತ್ತೇನೆ ಎಂದಾಗ, ಕಾಂಚನಾಳ, ಅಂದರೆ ನನ್ನ, ಪಾಲು ತೆಗೆದಿಡದೆ ಆ ಮಾತು ಎತ್ತಬೇಡಿ ಎಂದವಳೂ ಇದೇ ಚಿಗವ್ವ. ನೆವಿಲ್ಲರ ಮನೆಯಲ್ಲಿ ಇಂಥ ಒಬ್ಬಳಿದ್ದಿದ್ದರೆ ನನ್ನ ಪುಸ್ತಕ ಅರ್ಧಕ್ಕೇ ಮುಗಿಯುತ್ತಿತ್ತು.

ಈಗ ಅಪ್ಪ ಇಲ್ಲ. ಅಪ್ಪನ ವರ್ಷದ ಕಾರ್ಯಕ್ಕೆ ಬಂದ ಬಂಧುಗಳು, ಇನ್ನು ಹಿಸೆ ಮಾಡಿಕೊಳ್ಳಿ, ಅವರವರ ಪಾಲು ಅವರವರಿಗೆ ಎಂದರು. ಅಕ್ಕ ಪಾಲು ಕೇಳುತ್ತಿದ್ದಾಳೆ ಎಂದು ನಂದೀಶನಿಗೆ ಹೇಳಿದರು. ತಮ್ಮ ಕೇಳುತ್ತಿದ್ದಾನೆ ಎಂದು ನನಗೆ ಹೇಳಿದರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಬರುವ ಸೋಮವಾರ ಹಿಸೆ ಮಾಡಿಸಲು ಹಿರಿಯರು ಕೂಡುವವರಿದ್ದಾರೆ. ಯಾವುದೋ ದೇಶದ ದಾಯಾದಿಗಳ ಜಗಳವನ್ನು ಇಷ್ಟು ದಪ್ಪನೆಯ ಪುಸ್ತಕ ಮಾಡಿದ ನನಗೆ, ತಮ್ಮನಿಗೊಂದು ಫೋನ್ ಮಾಡುವ ಧೈರ್ಯ ಬರಲಿಲ್ಲ. ನನಗೆ ತುಂಬ ಸಂಕಟವಾಗಿದೆ ಸಭಿಕರೇ.

ಇವತ್ತು ಮುಂದಿನ ಸಾಲಿನಲ್ಲಿ ಚಿಗವ್ವ ಬಂದು ಕುಳಿತಿದ್ದಾಳೆ. ಹಾರ ಹಿಡಿದು ಬರುವ ಸಭೆಗೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬಂದವಳು ಅವಳೊಬ್ಬಳೇ. ಒಂದೇ ಬುತ್ತಿ. ಅವಳನ್ನು ಕರೆತಂದವನು ಒಳಗೆ ಬರದೆ ಬಾಗಿಲ ಹತ್ತಿರವೇ ನಿಂತಿದ್ದಾನೆ.

ನಂದ್ಯಾ, ಹಿಸೆ ನಾ ಕೇಳಿಲ್ಲೋ. ನೀನೂ ಕೇಳಿಲ್ಲ, ನನಗ ಗೊತ್ತೈತಿ. ಅಲ್ಲೇ ಯಾಕ ನಿಂತಿ, ಒಳಗ ಬಾ. ನೀ ಅವತ್ತು ಕೇಳಿದ್ದಿಯಲ್ಲಾ, ಉಳದರ್ಧ ಇಲ್ಲೈತಿ ನೋಡು, ಈ ಮೈಕಿನ ಮುಂದ.

ಅಧ್ಯಕ್ಷರೇ, ಹತ್ತು ನಿಮಿಷ ಯಾವಾಗಲೋ ಮೀರಿದೆ, ಮನ್ನಿಸಬೇಕು. ಪುಸ್ತಕ ಕೊಂಡವರಿಗೂ ಕೊಳ್ಳದೆ ಬರೀ ಕೇಳಿದವರಿಗೂ ನನ್ನ ಕೃತಜ್ಞತೆಗಳು. ಬಾಗಿಲ ಹತ್ತಿರ ಇರುವವರು ಸ್ವಲ್ಪ ದಾರಿ ಬಿಡಿ, ನನ್ನ ತಮ್ಮ ಬರುತ್ತಿದ್ದಾನೆ. ಅವ್ವನ ಪಕ್ಕದ ಕುರ್ಚಿ ಅವನಿಗಿರಲಿ.

ನಮಸ್ಕಾರ.