ಟ್ಯಾಂಕಿಗೆ ಹೊದಿಸಿದ ಕರಿ ಬಟ್ಟೆ

ಹಲೋ, ಯಾರು ಮಾತಾಡೋದು? ಗಾದಿಗನೂರು ಎಸ್‌ಟಿಡಿ ಬೂತಾ?... ನಾನು ಹೊಸಪೇಟಿ ಫ್ಯಾಕ್ಟರಿ ಮ್ಯಾನೇಜರ್ ನಾಗೇಂದ್ರಪ್ಪ. ನಮ್ಮ ವಾಚ್‌ಮನ್ ಗುಡ್ಡಪ್ಪನ ಮಗಳು ಭರಮಮ್ಮ ಅದಾಳಲ್ಲ, ಲ್ಯಾಬಿನಾಕಿ, ಆಕಿನ್ನ ಕರೀರಿ. ಜಲ್ದಿ...

ಹಾಂ, ಭರಮಮ್ಮಾ? ಹಬ್ಬದ ಹೋಳಿಗಿ ಉಂಡ್ಯಾ?... ಉಣ್ಣವ್ವ, ಉಣ್ಣು. ಇಲ್ಲಿ ನಿನ್ನ ಟ್ಯಾಂಕಿನ್ಯಾಗಿನ ಯೀಸ್ಟ್ ಸತ್ತು ನಾರಾಕತ್ತೈತಿ...

ಏನು ಹೆಂಗಂದ್ರ? ನೀನ ಹೇಳಿದ್ದಿ ಅಲ್ವಾ, "ಈ ಯೀಸ್ಟಿಗೆ ಮಿಂಚುಹುಳದ ಗುಣ ಸೇರಿಸೀವ್ರಿ ಸರ್, ಪ್ರೋಟೀನ್ ಮಾಡಿದಷ್ಟು ಹೊಳಿತೈತಿ, ಮೀಟರ್ ನೋಡಿದ್ರ ಸಾಕು" ಅಂತ? ನೋಡಿದ್ವಿ. ಮೀಟರ್ ಏರಿತು. ಇನ್ನಾ ಪ್ರೋಟೀನ್ ಮಾಡ್ಲಿ ಅಂತ ಟ್ಯಾಂಕ್ ಖಾಲಿ ಮಾಡದ ಬಿಟ್ವಿ. ಕೆಟ್ಟು ಹೋತು...

ಕರೇ ಬಟ್ಟಿ? ಹಾಂ, ತಗಿಸಿದೆ. ಆಯುಧಪೂಜಿ ದಿನ ಸಾವ್ಕಾರ್ರ ಮನಿಯವ್ರು ಆರತಿ ತಟ್ಟಿ ಹಿಡಕೊಂಡು ಬಂದ್ರ, ಟ್ಯಾಂಕಿಗೆ ಕರೇದು ಹೊದಿಸಿ ನಿಲ್ಲಸಬೇಕಿತ್ತೇನು? ಅಪಶಕುನ ಅಲ್ವಾ? ಕಿತ್ತು ಒಗದು ಸೀರಿಯಲ್ ಲೈಟಿನ ಸೆಟ್ ಸುತ್ತಿಸಿದೆ. ಮಸ್ತ್ ಕಾಣತಿತ್ತು...

ಗೊತ್ತೈತಿ, ಗೊತ್ತೈತಿ. ಮೀಟರ್ ಓದಿದ್ದು ಯೀಸ್ಟಿನ ಬೆಳಕಲ್ಲ, ಸೀರಿಯಲ್ ಬಲ್ಬಿನ ಬೆಳಕು. ಈಗ ನನಗೂ ಗೊತ್ತೈತಿ... ಬಟ್ಟಿ ತಗೀಬ್ಯಾಡ್ರಿ ಅಂತ ಹೇಳಿದ್ದ್ಯಾ? ಯಾರ ಮುಂದ?... ನನ್ನ ಮುಂದ! ನಾನು ಕೇಳಿಸ್ಕೊಂಡಿಲ್ಲ ಬಿಡು...

ಅಳಬ್ಯಾಡ. ಅತ್ರ ಯೀಸ್ಟ್ ಏನು ಎದ್ದು ಕುಂದ್ರತೈತಾ? ಸಾವ್ಕಾರ್ರು ಯಾರನ್ನರ ಒಬ್ಬರ್ನ ಕೆಲಸದಿಂದ ತಗೀರಿ ಅಂದ್ರು. ನಾನಂತೂ ಹೋಗಂಗಿಲ್ಲ. ನಿನ್ನ ಹೆಸರ ಹೇಳಾಂವ ಇದ್ದೆ...

ಯಾಕ ಹೇಳಲಿಲ್ಲ ಅಂದ್ರ, ನಿಮ್ಮಪ್ಪ ಬಂದು ಕಾಲಿಗೆ ಬಿದ್ದ. "ತೋರಣ ಕಟ್ಟಾಕ ಒಳಗ ಹೋಗಿದ್ದೆ, ಬಟ್ಟಿ ತಗದಾಂವ ನಾನ್ರಿ" ಅಂತ ಸಾವ್ಕಾರ್ರ ಮುಂದ ಒಪ್ಪಿಕೊಂಡ. ನಾನ ಹೇಳಿಕೊಟ್ಟಿದ್ದು. ಆದ್ರ ಭಾಳ ಚಲೋ ಹೇಳಿದ ನೋಡು, ನನಗ ಖರೇ ಅನಿಸಿಬಿಡ್ತು...

ಇಲ್ಲೇ ಗೇಟಿನ ಹೊರಗ ಕುಂತಾನ. ಯೂನಿಫಾರ್ಮ್ ಬಿಚ್ಚಿಸಿಕೊಂಡೀವಿ, ಬನೀನಿನ ಮ್ಯಾಲ ಅದಾನ... ಫೋನ್ ಕೊಡಾಕ ಬರಂಗಿಲ್ಲ, ಹೊರಗಿನ ಮಂದಿ ಒಳಗ ಬರಂಗಿಲ್ಲ...

ಬಂದು ಇದ್ದದ್ದು ಹೇಳ್ತಿಯಾ? ಬಾ, ಹೇಳು. ಇಬ್ಬರ್ನೂ ಒಂದ ಬಸ್ಸಿಗೆ ಹತ್ತಸ್ತೀನಿ. ಹೇಳ್ತಿಯೇನು?... ಹೇಳ್ತಿಯೇನವ್ವ?...

ಹಾಂ, ಹಂಗ ಸುಮ್ನಿರು. ನಾಳೆ ಡ್ಯೂಟಿಗೆ ಬಾ, ಹೊಸಾ ಯೀಸ್ಟ್ ಹಾಕು. ಬರ್ತಾ ಒಂದು ಕರೇ ಬಟ್ಟಿ ತಗೊಂಡು ಬಾ. ಹಳೇದ್ರಾಗ ನಿಮ್ಮಪ್ಪ ಮುಖ ಒರಸ್ಕೊಂಡು ತೋಯಿಸ್ಯಾನ. ಹಲೋ?... ಭರಮಮ್ಮಾ, ಕೇಳಸ್ತೇನು? ದಪ್ಪಂದು ತಗೋ, ಹೊರಗಿನ ಬೆಳಕು ಒಂಚೂರೂ ಒಳಗ...