ಪೆಪ್ಪರ್‌ನ ಕತ್ತಿನ ಗಂಟು

ಅಮೆರಿಕದ ಸೌತ್ ಡಕೋಟಾದ ನಮ್ಮೂರ ದನದ ಡಾಕ್ಟರ ಹತ್ತಿರ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಮೆಕ್ಕೆಜೋಳ ಬೆಳೆಯುವ ವರ್ಲಿನ್, ಅವನ ಕಾಲ ಬಳಿ ಮುದಿ ನಾಯಿ ಪೆಪ್ಪರ್. ಕೋಳಿಗಳಿಗೆ ಔಷಧಿ ಒಯ್ಯಲು ಬಂದ ಪಕ್ಕದ ಹೊಲದ ಆರ್ಡಿಸ್ ಅವನ ಮಗ್ಗುಲಲ್ಲಿ ಕೂತಳು.

“ಏನಾಗಿದೆಯೋ ಇದಕ್ಕೆ?”

“ಕತ್ತಲ್ಲೊಂದು ಗಂಟು. ನಿನ್ನೆ ಕೈಗೆ ಸಿಕ್ತು.”

“ಮುಟ್ಟಿದ್ರೆ ಕುಂಯ್ ಅನ್ನುತ್ತಾ?”

“ಇಲ್ಲ, ಅದಕ್ಕೇ ಹೆದರಿಕೆ. ನೋಯೋದಾದ್ರೆ ಗಾಯನೋ ಕೀವೋ ಅನ್ಬಹುದು. ನೋಯದೆ ಸುಮ್ನೆ ಕೂತಿರೋದನ್ನ ತೋರಿಸ್ಲೇಬೇಕು.”

“ಅದಿರ್ಲಿ, ಹೊರಗೆ ಹಿಮ ಬೀಳ್ತಿದೆ, ನೀನ್ಯಾಕೆ ಕಾಲರ್ ಬಿಚ್ಕೊಂಡಿದೀಯ?”

“ಗುಂಡಿ ಹಾಕಿದ್ರೆ ಒತ್ತುತ್ತೆ. ನಂಗೂ ಅಲ್ಲೊಂದು ಗಂಟಿದೆ.”

“ಯಾವಾಗಿಂದ?”

“ಮೆಕ್ಕೆಜೋಳದ ಕಟಾವಿನಿಂದ. ಎರಡು ತಿಂಗಳಾಯ್ತು.”

“ಯಾರಿಗಾದ್ರೂ ತೋರಿಸಿದ್ಯಾ?”

“ನೋವೇ ಇಲ್ವಲ್ಲ ಆರ್ಡಿಸ್, ಏನಂತ ತೋರಿಸ್ಲಿ?”

ಅವಳು ಅವನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಒಳಗಿಂದ ಪೆಪ್ಪರ್‌ನನ್ನು ಕರೆದರು. ನಾಯಿಯ ಹಗ್ಗವನ್ನು ಅವಳೇ ಕಸಿದುಕೊಂಡಳು.

“ಇವನನ್ನ ನಾನು ತೋರಿಸ್ತೀನಿ. ನೀನು ಎದುರಿನ ಆಸ್ಪತ್ರೆಗೆ ನಡಿ.”

“ಹೋಗಿ ಏನ್ ಹೇಳ್ಲಿ?”

“ನಾಯಿ ವಿಷಯ ಈಗ ನಂಗೆ ಹೇಳಿದ್ಯಲ್ಲ, ಅದನ್ನೇ ಹೇಳು.”

ಅವನು ಟೋಪಿ ಎತ್ತಿಕೊಂಡು, ಕಾಲರ್ ಹಾಗೇ ಬಿಟ್ಟುಕೊಂಡು, ಹಿಮದಲ್ಲಿ ರಸ್ತೆ ದಾಟಿದ.